ಸಿಮೆಂಟಿನ ಕೆಳಗಿನ ನವಿಲು

ಕಾಸ್ಟೆಲೋರಿಜೋ
ಮಾರ್ಚ್ 3, 1966

ಹ್ರಿಸಾಫಿನಾಳಿಗೆ,

ಈ ಪತ್ರವನ್ನು ನಾನಾಗಿ ಬರೆಯುತ್ತಿಲ್ಲ, ಪಾದ್ರಿ ಬರೆಸುತ್ತಿದ್ದಾನೆ. ಕೈ ನನ್ನದೇ, ಕುತ್ತಿಗೆ ಮಾತ್ರ ಅವನ ಹಿಡಿತದಲ್ಲಿದೆ. "ನೀವೇ ಬರ್ದುಬಿಡಿ ಸ್ವಾಮಿ, ನಾನು ಸಹಿ ಹಾಕ್ತೀನಿ" ಎಂದೆ. "ನಿನ್ನ ತಂಟೆಗೆ ನನ್ನ ಶಾಯಿ ಯಾಕಪ್ಪಾ ಖರ್ಚಾಗ್ಬೇಕು?" ಎಂದ. ದೋಣಿಯ ಹಲಗೆಸಂದಿಗೆ ನಾರು ತುರುಕುವ ಕೈ ಇದು, ಪೆನ್ನು ಇದರಲ್ಲಿ ನಿಲ್ಲುವುದಿಲ್ಲ. ಫ್ರೆಂಚರ ಸೈನ್ಯ ಬಂದ ವರ್ಷ ನಮ್ಮ ಶಾಲೆಯಲ್ಲಿ ಸಿಪಾಯಿಗಳು ಮಲಗಿದರು, ಹುಡುಗರು ಬೀದಿಗೆ ಬಿದ್ದೆವು. ಸಿಪಾಯಿಗಳು ಹೋದ ಮೇಲೂ ನಾನು ಒಳಗೆ ಹೋಗಲಿಲ್ಲ. ಹಾಗಾಗಿ ಅಕ್ಷರ ನೋಡಿ ನಗಬೇಡ, ವಿಷಯ ಓದು.

ನಾನು ಅಗಾಪಿಟೋಸ್, ನಿನ್ನ ಗೆಳತಿ ಎವ್ದೋಕಿಯಾಳ ಗಂಡ. ಗಾಜಾದ ನಿರಾಶ್ರಿತರ ಶಿಬಿರದಲ್ಲಿ, ಡೇರೆಯೊಳಗೆ ನಮ್ಮ ಮದುವೆ ಆದಾಗ ನನ್ನ ಬೋಳು ತಲೆ ನೋಡಿ ನಕ್ಕವಳು ನೀನು. ನನ್ನ ಮಗಳು ವಾರ್ವಾರಾಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡ ಧರ್ಮತಾಯಿಯೂ ನೀನೇ. ಆಮೇಲೆ ನೀನೂ ನಿನ್ನ ತಾಯಿಯೂ ಆಸ್ಟ್ರೇಲಿಯಾದ ಹಡಗು ಹತ್ತಿದಿರಿ, ನಮ್ಮವರು ಊರಿನ ಹಡಗು ಹತ್ತಿದರು. ಪರ್ತ್‌ನಿಂದ ನೀನು ಮೂರು ಸಲ ಬರೆದೆ, ನಾನು ಉತ್ತರ ಕೊಡಲಿಲ್ಲ. ಈಗ ಬರೆಯುತ್ತಿರುವುದೂ ಅದಕ್ಕಲ್ಲ.

ವಾರ್ವಾರಾಳಿಗೆ ಮದುವೆ ಗೊತ್ತಾಗಿದೆ. ಹುಡುಗ ಸಾವಾಸ್, ಮೀನು ದೋಣಿಯವನು. ಕುಡಿಯುವುದಿಲ್ಲ, ಮಾತೂ ಕಡಿಮೆ. ಆಗಸ್ಟ್ ಕೊನೆಯ ಭಾನುವಾರ ಮದುವೆ. ನಮ್ಮ ಊರಿನ ಕಟ್ಟಳೆ ನಿನಗೆ ಹೇಳಬೇಕಿಲ್ಲ: ಮನೆ ಹೆಣ್ಣಿನದು. ತಾಯಿಯಿಂದ ಮಗಳಿಗೆ ಬಳುವಳಿಯಾಗಿ ಹೋಗುತ್ತದೆ, ಗಂಡು ಬಟ್ಟೆಗಂಟು ಹಿಡಿದು ಬಂದು ಸೇರಿಕೊಳ್ಳುತ್ತಾನೆ. ನಾನೂ ಹಾಗೇ ಸೇರಿಕೊಂಡವನು. ಎವ್ದೋಕಿಯಾಳ ಮನೆ ಈಗ ವಾರ್ವಾರಾಳಿಗೆ. ಅದಕ್ಕೆ ಸುಣ್ಣ ಬಳಿಸಿ, ಬಿರುಕು ಬಿಟ್ಟ ಅಂಗಳ ಕಿತ್ತು ಹೊಸದಾಗಿ ಹಾಕಿಸೋಣ ಎಂದು ಮೇಸ್ತ್ರಿ ಲಾಜಾರೋಸನನ್ನು ಕರೆಸಿದೆ.

ಅಂಗಳದ ಸಿಮೆಂಟು ನಾನೇ ಹಾಕಿದ್ದು, ಗ್ರೀಸಿನ ಬಾವುಟ ಏರಿದ ವರ್ಷ. ಕೆಳಗೆ ಬರೀ ಬಾಂಬಿನ ಕಸ ಎಂದುಕೊಂಡಿದ್ದೆ. ಲಾಜಾರೋಸ್ ಹಾರೆ ಹಾಕಿ ಒಂದು ತುಂಡು ಎಬ್ಬಿಸಿದ. ಕೆಳಗೆ ಸಮುದ್ರದ ಉರುಟು ಕಲ್ಲುಗಳು, ಬಿಳಿಯ ನಡುವೆ ಕಪ್ಪು. ನೀರು ಹೊಯ್ದು ಉಜ್ಜಿದೆವು. ಒಂದು ಕೊರಳು ಬಂತು. ಇನ್ನೊಂದು ತುಂಡು ಎಬ್ಬಿಸಿದರೆ ಅದರ ಹಿಂದೆ ಬೀಸಣಿಗೆಯ ಹಾಗೆ ಬಾಲ.

ನವಿಲು.

ಎವ್ದೋಕಿಯಾ ಶಿಬಿರದಲ್ಲಿ ತನ್ನ ಮನೆಯ ಬಗ್ಗೆ ಹೇಳುತ್ತಿದ್ದಳು. ಆ ಮನೆಯ ಹೊಸ್ತಿಲನ್ನು ನಾನು ತುಳಿದಿರಲಿಲ್ಲ. ನಾನು ಬೆಟ್ಟದ ಆ ಬದಿಯವನು, ಮೀಸೆ ಬರುವ ಮೊದಲೇ ಪೋರ್ಟ್ ಸೈದ್‌ಗೆ ದೋಣಿ ಕೆಲಸಕ್ಕೆ ಹೋದವನು. ಅವಳು ಹೇಳಿದ್ದು ಇಷ್ಟು: "ನಮ್ಮ ಅಂಗಳದಲ್ಲಿ ಕಪ್ಪು ಕಲ್ಲಲ್ಲಿ ಎರಡು ಸೈಪ್ರೆಸ್ ಮರ. ಪಕ್ಕದ ಹ್ರಿಸಾಫಿನಾ ಅಂಗಳದಲ್ಲಿ ನವಿಲು. ಚಿಕ್ಕವರಿದ್ದಾಗ ಯಾವ್ದು ಚೆಂದ ಅಂತ ಜಡೆ ಹಿಡ್ಕೊಂಡು ಜಗಳ ಆಡ್ತಿದ್ವಿ."

ನಾನು ಹಾರೆಯ ಮೇಲೆ ಕೈಯೂರಿ ನಿಂತೆ. ಲಾಜಾರೋಸ್ ಬೆವರು ಒರೆಸಿಕೊಳ್ಳುತ್ತ, "ಯಾರಿಗ್ ಗೊತ್ತಾಗತ್ತೆ ಮಾಮ? ಎರಡು ಬುಟ್ಟಿ ಗಾರೆ ಸುರಿದ್ರೆ ನವಿಲು ಮತ್ತೆ ಮಲಗತ್ತೆ" ಎಂದ.

"ಮಲಗತ್ತೆ. ನಿನ್ನ ಬಾಯಿಗೆ ಯಾರು ಗಾರೆ ಸುರೀತಾರೆ?" ಎಂದೆ.

ಮಧ್ಯಾಹ್ನದ ಹೊತ್ತಿಗೆ ಬಂದರಿನ ಕಾಫಿ ಅಂಗಡಿಯ ಕುರ್ಚಿಗಳಿಗೂ ಸುದ್ದಿ ಗೊತ್ತಾಗಿತ್ತು.

ಹೀಗಾಗಿ ಕೇಳುತ್ತಿದ್ದೇನೆ. ನಿಮ್ಮ ಅಂಗಳದ ನವಿಲು ಹೇಗಿತ್ತು? ಯಾವ ಕಡೆ ಮುಖ? ಬೇರೆ ಯಾರ ಮನೆಯಲ್ಲಾದರೂ ಅಂಥದ್ದು ಇತ್ತೇ? ಸುತ್ತಿ ಬಳಸಿ ಬರೆಯಬೇಡ.

ಅಗಾಪಿಟೋಸ್


ಪರ್ತ್
ಮಾರ್ಚ್ 28, 1966

ಅಗಾಪಿಟೋಸ್ ಭಾವನವರಿಗೆ,

ಲಕೋಟೆಯ ಮೇಲಿನ ಊರಿನ ಹೆಸರು ನೋಡಿ ಅಂಚೆಯವನನ್ನು ನಿಲ್ಲಿಸಿಕೊಂಡೇ ಒಡೆದೆ. ಅವನು ಐರ್ಲೆಂಡಿನವನು. "ಯಾರಾದ್ರೂ ಹೋಗ್ಬಿಟ್ರಾ ಅಮ್ಮಾ?" ಎಂದು ಕೇಳಿದ. "ಇಲ್ಲ, ಒಬ್ಬರು ಎದ್ದು ಕೂತಿದಾರೆ" ಎಂದೆ.

ನವಿಲಿನ ಮುಖ ಸಮುದ್ರದ ಕಡೆಗೆ. ಅದರ ಕಣ್ಣು ಕಲ್ಲಿನದಲ್ಲ. ಹಸಿರು ಶೀಶೆಯ ಚೂರು. ನನ್ನ ಅಜ್ಜ ಒಡೆದ ಬಾಟಲಿಯಿಂದ ತೆಗೆದು, ಸಾಣೆ ಹಿಡಿದು ಕೂರಿಸಿದ್ದರು. ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಕಣ್ಣು ಹಸಿರಾಗಿದ್ದರೆ ನೀವು ಇರುವುದು ನನ್ನ ತಾಯಿಯ ಮನೆ. ತಾಯಿ ಹೋದ ಮೇಲೆ ಅದು ನನ್ನದು. ನನಗೂ ಒಬ್ಬ ಮಗಳಿದ್ದಾಳೆ.

ಭಾವ, ನಾನು ಬರೆದ ಮೂರು ಪತ್ರಗಳಲ್ಲೂ ಒಂದೇ ಮಾತು ಕೇಳಿದ್ದೆ. ಎವ್ದೋಕಿಯಾ ಆ ಹಡಗಿನಲ್ಲಿ ಹೇಗೆ ತೀರಿಹೋದಳು? ಮಗುವಿಗೆ ನಾನು ಹೊಲಿದ ಬಿಳಿ ಅಂಗಿ ಏನಾಯಿತು? ಊರಿನಲ್ಲಿ ಇಳಿಯುವಾಗ ಅದನ್ನೇ ತೊಡಿಸಬೇಕು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ತೊಡಿಸಿದರೇ? ಇಷ್ಟು ವರ್ಷ ನಿಮಗೆ ಕಾಗದ ಸಿಗಲಿಲ್ಲ. ಅಂಗಳ ಕಿತ್ತ ತಕ್ಷಣ ಸಿಕ್ಕಿತು.

ಮೊದಲು ಅದನ್ನು ಹೇಳಿ. ಮನೆಯ ಮಾತು ಆಮೇಲೆ.

ವಾರ್ವಾರಾಳಿಗೆ ನನ್ನ ಆಶೀರ್ವಾದ. ಅವಳ ಒಂದು ಫೋಟೋ ಕಳಿಸಿದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಹ್ರಿಸಾಫಿನಾ


ಕಾಸ್ಟೆಲೋರಿಜೋ
ಏಪ್ರಿಲ್ 25, 1966

ಹ್ರಿಸಾಫಿನಾಳಿಗೆ,

ಕಣ್ಣು ಹಸಿರು.

ಈಸ್ಟರ್ ಕಳೆದ ಮೇಲೆ ಉಳಿದ ಸಿಮೆಂಟನ್ನೂ ಎಬ್ಬಿಸಿದೆ. ಈ ಸಲ ಲಾಜಾರೋಸನನ್ನು ಕರೆಯಲಿಲ್ಲ. ಶೀಶೆಯ ಚೂರು ಮಾಸಿತ್ತು, ಉಗುಳು ಹಚ್ಚಿ ಅಂಗಿಯ ತುದಿಯಿಂದ ತಿಕ್ಕಿದೆ. ಹಕ್ಕಿ ಸಮುದ್ರವನ್ನೇ ನೋಡುತ್ತಿದೆ. ಮನೆ ನಿನ್ನದು, ಅದರಲ್ಲಿ ಚರ್ಚೆ ಇಲ್ಲ.

ತಪ್ಪು ಹೇಗಾಯಿತು ಎಂಬುದನ್ನು ಹೇಳುತ್ತೇನೆ. ನಾನು ಕದ್ದು ಸೇರಿಕೊಂಡೆ ಎಂದು ನಿನ್ನ ಮಗಳಿಗೆ ಕಥೆ ಹೇಳಬೇಡ.

ಈ ದ್ವೀಪ ನೀನು ನೋಡಿದ್ದೇ. ಕೈಚಾಚಿದರೆ ತುರ್ಕಿ ಸಿಗುತ್ತದೆ. ನಾನು ಹುಡುಗನಾಗಿದ್ದಾಗ ಎದುರು ದಡದಿಂದ ಫಿರಂಗಿ ಹೊಡೆದರು, ಮನೆ ಬಿದ್ದವು, ಕಟ್ಟಿಕೊಂಡೆವು. ಇಟಲಿಯವರು ಬಂದರು. ಭೂಮಿ ನಡುಗಿತು, ಮತ್ತೆ ಬಿದ್ದವು, ಮತ್ತೆ ಕಟ್ಟಿಕೊಂಡರು. ಆಮೇಲೆ ಇಂಗ್ಲಿಷರು ಬಂದರು, ಅವರ ಹಿಂದೆಯೇ ಜರ್ಮನರ ವಿಮಾನ. ಉಟ್ಟ ಬಟ್ಟೆಯಲ್ಲಿ ಎಲ್ಲರನ್ನೂ ಸೈಪ್ರಸ್‌ಗೆ, ಅಲ್ಲಿಂದ ಗಾಜಾಕ್ಕೆ ಸಾಗಿಸಿದರು. ಅಲ್ಲಿಯವರೆಗಿನದು ನಿನಗೆ ಗೊತ್ತು. ನೀನು ನೋಡದೇ ಇರುವುದು ಆಮೇಲಿನದು. ಊರು ಖಾಲಿ ಇದ್ದಾಗ ಬೆಂಕಿ ಬಿತ್ತು. ಯಾರು ಹಚ್ಚಿದರು ಎಂದು ಕಾಫಿ ಅಂಗಡಿಯಲ್ಲಿ ಇಂದಿಗೂ ಜಗಳ ನಡೆಯುತ್ತದೆ, ತೀರ್ಮಾನವಾಗಿಲ್ಲ. ಬಾಂಬು ಬಿಟ್ಟದ್ದನ್ನು ಬೆಂಕಿ ತಿಂದಿತು.

ನಾನು ಪೋರ್ಟ್ ಸೈದ್‌ನಿಂದ ಒಂದು ಸರಕಿನ ದೋಣಿಯಲ್ಲಿ ಮೊದಲೇ ಬಂದಿದ್ದೆ. ಎವ್ದೋಕಿಯಾ, ಮಗು, ಅತ್ತೆ, ಮೂವರೂ ಹಿಂದಿನಿಂದ ಹಡಗಿನಲ್ಲಿ ಬರುವುದೆಂದು ಮಾತು. ಬಂದು ನೋಡಿದರೆ ನಿಮ್ಮ ಓಣಿ ಎಂಬುದೇ ಇಲ್ಲ. ಬೆಟ್ಟದಿಂದ ಬಂದರಿನವರೆಗೆ ಒಂದೇ ಕಲ್ಲುರಾಶಿ. ಯಾರ ಗೋಡೆ ಯಾರ ಮೇಲೆ ಬಿದ್ದಿದೆ ಎಂದು ದೇವರಿಗೂ ತಿಳಿಯದು.

ಅತ್ತೆ ಬಂದಳು, ಎರಡನೇ ಹಡಗಿನಲ್ಲಿ. ಮೊದಲನೆಯದಕ್ಕೆ ನಡುನೀರಿನಲ್ಲಿ ಬೆಂಕಿ ಬಿದ್ದಿತ್ತು, ಉಳಿದವರನ್ನು ತಿರುಗಿ ಪೋರ್ಟ್ ಸೈದ್‌ಗೆ ಒಯ್ದು ಮತ್ತೆ ಕಳಿಸಿದ್ದರು. ಅತ್ತೆಯ ಬೆನ್ನಿನ ಮೇಲೆ ಮಗು, ಯಾವುದೋ ಸಿಪಾಯಿಯ ಕಂಬಳಿ ಸುತ್ತಿದ್ದು. ಹೊಗೆಗೆ ಅತ್ತೆಯ ಕಣ್ಣು ಹೋಗಿತ್ತು. ನಾನು ಅವಳ ಹಿಂದೆ ನೋಡಿದೆ.

"ಅವಳೆಲ್ಲಿ?" ಎಂದೆ.

"ನೀರಲ್ಲಿ" ಎಂದಳು. "ಮಗೂನ ಹಿಡ್ಕೋ. ನನ್ನ ತೊಟ್ಟಿ ಹತ್ರ ಕರ್ಕೊಂಡು ಹೋಗು."

ತೊಟ್ಟಿ ಇಲ್ಲದೆ ಇಲ್ಲಿ ಬದುಕಿಲ್ಲ. ನದಿ ಇಲ್ಲ, ಬಾವಿ ಇಲ್ಲ. ಚಳಿಗಾಲದ ಮಳೆ ಮಾಳಿಗೆಯಿಂದ ನೆಲದಡಿಯ ತೊಟ್ಟಿಗೆ ಇಳಿಯಬೇಕು, ವರ್ಷವಿಡೀ ಅದೇ. ಅವಳನ್ನು ಕೈಹಿಡಿದು ಕಲ್ಲುರಾಶಿಯ ಮೇಲೆ ಹತ್ತಿಸಿದೆ. ನಿಮ್ಮ ಓಣಿಯಿದ್ದ ಅಂದಾಜಿನಲ್ಲಿ ಎರಡು ತೊಟ್ಟಿಯ ಬಾಯಿ ಅಕ್ಕಪಕ್ಕ ಕಾಣುತ್ತಿದ್ದವು. ಮೊದಲನೆಯದರ ಬಳಿ ಕುಕ್ಕರುಗಾಲಿನಲ್ಲಿ ಕೂತಳು. ಒಂದು ಸಣ್ಣ ಕಲ್ಲು ಹುಡುಕಿ ಒಳಗೆ ಬಿಟ್ಟಳು. ಕಿವಿಗೊಟ್ಟಳು. ಎದ್ದು, "ಮುಂದೆ ನಡಿ" ಎಂದಳು. ಎರಡನೆಯದಕ್ಕೂ ಕಲ್ಲು ಬಿಟ್ಟಳು. ಆಮೇಲೆ ಬಾಯಿಕಲ್ಲಿನ ಅಂಚಿನಲ್ಲಿ ಹಗ್ಗ ಸವೆಸಿದ ಗೀರುಗಳಿರುತ್ತವಲ್ಲ, ಅವುಗಳ ಮೇಲೆ ಬೆರಳಾಡಿಸಿದಳು. ತುಂಬ ಹೊತ್ತು.

"ಇದು" ಎಂದಳು. "ಇಲ್ಲಿ ಕಟ್ಟು."

ಕಟ್ಟಿದೆ. ಕುರುಡಿ ಆದರೇನು, ತನ್ನ ತೊಟ್ಟಿ ತನಗೆ ಗೊತ್ತಿರುವುದಿಲ್ಲವೇ ಎಂದು ನಾನು. ಯಾರನ್ನು ಕೇಳಲಿ? ನಿಮ್ಮ ಓಣಿಯ ಅರ್ಧ ಜನ ಸಮುದ್ರದಲ್ಲಿ, ಇನ್ನರ್ಧ ಆಸ್ಟ್ರೇಲಿಯಾದಲ್ಲಿ. ಒಂದು ಮನೆಯಷ್ಟು ದೂರದ ತಪ್ಪು, ಅಷ್ಟೇ. ಅದಕ್ಕೆ ಈಗ ನನ್ನ ಮಗಳು ಬೀದಿಯಲ್ಲಿ ನಿಂತಿದ್ದಾಳೆ.

ಸಾವಾಸನ ತಾಯಿ ಫೋಟಿನಿ ಬಂದಿದ್ದಳು. ಬಾಗಿಲು ದಾಟಲಿಲ್ಲ, ಹೊರಗೆ ಓಣಿಯಲ್ಲೇ ನಿಂತು ಶುರು ಮಾಡಿದಳು. ನಾಲ್ಕು ಮನೆಗೆ ಕೇಳಲಿ ಎಂದು.

"ಅಗಾಪಿಟೋಸಣ್ಣಾ, ಇದು ಯಾರ ಮನೆ?"

"ಒಳಗೆ ಬಾ, ಕಾಫಿ ಕುಡಿ, ಹೇಳ್ತೀನಿ."

"ಯಾರ ಕಾಫಿ ಅಂತ ಗೊತ್ತಾಗದೆ ಕುಡಿಯೋದ್ ಹೆಂಗೆ? ಕಂಡೋರ ಅಂಗಳದಲ್ಲಿ ಮೇಯಲಿ ಅಂತ ಬಿಡೋಕೆ ನಾನು ಮೇಕೆ ಸಾಕಿಲ್ಲ, ಮಗನ್ನ ಸಾಕಿದೀನಿ. ನಾಳೆ ಆಸ್ಟ್ರೇಲಿಯಾದಿಂದ ಟೋಪಿ ಹಾಕ್ಕೊಂಡು ಯಾವಳೋ ಬಂದು, ಏಳ್ರಪ್ಪಾ ಮೇಲೆ ಅಂದ್ರೆ? ನನ್ನ ಮಗ ಹಾಸಿಗೆ ಹೊತ್ಕೊಂಡು ಓಣಿ ಓಣಿ ತಿರುಗಬೇಕಾ? ನೀರಿರೋ ಮನೆ, ಹೆಣ್ಣಿನ ಹೆಸರಲ್ಲಿ. ಬೇರೆ ಏನೂ ಕೇಳಿದವಳಲ್ಲ ನಾನು."

ಅವಳ ನಾಲಿಗೆ ನನಗೆ ಹಿಡಿಸುವುದಿಲ್ಲ. ಮಾತು ಮಾತ್ರ ಸರಿಯಾದದ್ದೇ, ಅದೇ ಕಷ್ಟ.

ವಾರ್ವಾರಾ ಒಳಗಿಂದ, "ಅಪ್ಪಾ, ಸಾವಾಸ್ ಮದ್ವೆ ಆಗ್ತಿರೋದು ನನ್ನನ್ನಾ, ಮನೇನಾ?" ಎಂದಳು. "ಈ ಊರಲ್ಲಿ ಎರಡೂ ಒಂದೇ, ಸುಮ್ಮನಿರು" ಎಂದೆ. ಸುಮ್ಮನಿರುವ ಜಾತಿಯಲ್ಲ ಅವಳು. ತಾಯಿಯ ಹಾಗೆ.

ಈಗ ನೀನು ಹೇಳು. ಮನೆಯನ್ನು ವಾರ್ವಾರಾಳಿಗೆ ಬಿಟ್ಟುಕೊಡುತ್ತೀಯಾ, ಇಲ್ಲವಾ? ಧರ್ಮತಾಯಿ ಎನ್ನುವ ಮಾತು ನಾನು ಎತ್ತುವುದಿಲ್ಲ. ಎತ್ತುವುದಾದರೆ ನೀನೇ ಎತ್ತು.

ನೀನು ಕೇಳಿದ ಇನ್ನೊಂದು ಬೇರೆ ವಿಷಯ. ಅದನ್ನು ಇದಕ್ಕೆ ಗಂಟು ಹಾಕಬೇಡ.

ಫೋಟೋ ಇಟ್ಟಿದ್ದೇನೆ. ರೋಡ್ಸ್‌ನಲ್ಲಿ ತೆಗೆಸಿದ್ದು. ಮೂಗು ನನ್ನದು, ಪಾಪ.

ಅಗಾಪಿಟೋಸ್


ಪರ್ತ್
ಮೇ 19, 1966

ಭಾವನವರಿಗೆ,

ಫೋಟೋವನ್ನು ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಮೂಗಿನ ಮೇಲೆ ಕಣ್ಣು ಹೋಗಲಿಲ್ಲ. ಹುಬ್ಬು ಎವ್ದೋಕಿಯಾಳದು.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಶಿಬಿರದಿಂದ ನಾವು ಹೊರಡುವ ದಿನ ನನ್ನ ತಾಯಿ ನಿಮ್ಮ ಅತ್ತೆಯ ಕೈ ಹಿಡಿದು, "ಝಂಬೆಟ್ಟಾ, ನನ್ನ ತೊಟ್ಟಿ ಉಳ್ಕೊಂಡಿದ್ರೆ ನೀರು ಸೇದ್ಕೋ. ಮಗು ಇದೆ ನಿಂಗೆ" ಎಂದಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಸೇದಿಕೋ ಎಂದಳು, ಮನೆ ಕಟ್ಟಿಕೋ ಎಂದಿರಲಿಲ್ಲ.

ನೀವು ಬರೆದದ್ದನ್ನು ಮತ್ತೊಮ್ಮೆ ಓದಿಕೊಳ್ಳಿ. ನಿಮ್ಮ ಅತ್ತೆ ಎರಡೂ ತೊಟ್ಟಿಗೆ ಕಲ್ಲು ಬಿಟ್ಟಳು ಎಂದಿದ್ದೀರಿ. ಹಗ್ಗದ ಗೀರು ಗುರುತಿದ್ದವಳಿಗೆ ಕಲ್ಲು ಬಿಡುವ ಅಗತ್ಯ ಏನಿತ್ತು?

ನನಗೆ ಅವಳ ಮೇಲೆ ಕೋಪವಿಲ್ಲ. ನನ್ನ ಮಗಳಿಗೆ ಹದಿನಾರು. ಅವಳಿಗೆ ಊರು ಎಂದರೆ ಅಜ್ಜಿ ಅಳುತ್ತಿದ್ದ ಒಂದು ಹೆಸರು, ಅಷ್ಟೇ. ಆದರೂ ಮನೆ ಅವಳದು. ಅವಳನ್ನು ಕೇಳದೆ ಕೊಟ್ಟರೆ ನಾನು ಎಂಥ ತಾಯಿ?

ಎರಡು ವಿಷಯವನ್ನು ಬೇರೆ ಬೇರೆ ಮಾಡುತ್ತಿರುವವರು ನೀವು. ನನಗೆ ಎರಡೂ ಒಂದೇ. ಎವ್ದೋಕಿಯಾಳ ಬಗ್ಗೆ ಹೇಳದೆ ನನಗೆ ಇನ್ನು ಬರೆಯಬೇಡಿ.

ಹ್ರಿಸಾಫಿನಾ


ಕಾಸ್ಟೆಲೋರಿಜೋ
ಜೂನ್ 12, 1966

ಹ್ರಿಸಾಫಿನಾಳಿಗೆ,

ಕೇಳಿದೆಯಲ್ಲ, ತಗೋ.

ನಾನು ಆ ಹಡಗಿನಲ್ಲಿರಲಿಲ್ಲ. ಅತ್ತೆ ಹೇಳಿದ್ದನ್ನು ಹೇಳುತ್ತೇನೆ. ಅವಳೂ ಐದು ವರ್ಷ ಬಾಯಿ ಬಿಟ್ಟಿರಲಿಲ್ಲ. ಸಾಯುವ ಚಳಿಗಾಲದಲ್ಲಿ, ಮಗು ಪಕ್ಕದ ಮನೆಗೆ ಆಡಲು ಹೋಗಿದ್ದಾಗ, ಬೆರಳಲ್ಲೇ ತಡಕಿ ಬೇಳೆ ಆರಿಸುತ್ತ ಹೇಳಿದಳು. ಅಡುಗೆಯ ಮಾತು ಹೇಳುವ ಹಾಗೆ.

ಬಂದರು ಬಿಟ್ಟ ದಿನವೇ ಕೆಳಗಿನಿಂದ ಹೊಗೆ ಬಂತಂತೆ. ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಹಡಗು ಎಂದ ಮೇಲೆ ಹೊಗೆ ಇದ್ದದ್ದೇ. ಆಮೇಲೆ ಮೇಲಿನ ಹಲಗೆಗಳು ಕಾಲಿಗೆ ಬಿಸಿಯಾದವು. ಕೆಲವರು ಹಾರಿದರು. ಕೆಲವರನ್ನು ಹಗ್ಗ ಕಟ್ಟಿ ಇಳಿಸಿದರು, ಕೆಳಗೆ ತೆಪ್ಪಗಳಿದ್ದವು. ಎವ್ದೋಕಿಯಾ ತಲೆವಸ್ತ್ರ ಬಿಚ್ಚಿ ಮಗುವನ್ನು ಅತ್ತೆಯ ಎದೆಗೆ ಕಟ್ಟಿದಳು. ಮಗುವಿನ ಮೈಮೇಲೆ ಏನೂ ಇರಲಿಲ್ಲ, ಸೆಕೆಗೆ ಬಿಚ್ಚಿಹಾಕಿದ್ದರು. ಅತ್ತೆಯನ್ನು ಹಗ್ಗಕ್ಕೆ ಕಟ್ಟುವಾಗ, "ನೀನೂ ಬಾ" ಎಂದಳಂತೆ ಅತ್ತೆ.

"ನೀನು ಇಳಿ ಅಮ್ಮಾ, ಬಂದೆ. ಅಂಗಿ ಪೆಟ್ಟಿಗೇಲಿದೆ. ಊರಿಗೆ ಬೆತ್ತಲೆ ಇಳಿಸೋದಾ ಮಗೂನ?"

ನೀನು ಹೊಲಿದ ಅಂಗಿ. ಇಂಗ್ಲಿಷ್ ಸಿಪಾಯಿಯಿಂದ ಕಾಡಿ ಬೇಡಿ ತಂದ ಪ್ಯಾರಾಶೂಟಿನ ರೇಷ್ಮೆ, ಕೊರಳ ಸುತ್ತ ನೀಲಿ ದಾರ. ನನಗೂ ನೆನಪಿದೆ.

ಅವಳು ಮೆಟ್ಟಿಲಿಳಿದು ಹೋದದ್ದನ್ನು ಅತ್ತೆ ಹಗ್ಗದಲ್ಲಿ ತೂಗಾಡುತ್ತ ನೋಡಿದಳು. ಮೇಲೆ ಬಂದದ್ದನ್ನು ಯಾರೂ ನೋಡಲಿಲ್ಲ. ನಾನು ಕೇಳಿದ ದಿನ ನೀರಲ್ಲಿ ಎಂದಿದ್ದಳು ಅತ್ತೆ. ನೀರಲ್ಲ. ನೀರು ಎಂದರೆ ನನಗೆ ಸಲೀಸು ಎಂದುಕೊಂಡಿರಬೇಕು.

ನಿನ್ನ ಮೂರು ಪತ್ರಗಳಲ್ಲೂ ಪ್ರಶ್ನೆ ಇತ್ತು: ಅಂಗಿ ಏನಾಯಿತು, ಇಳಿಯುವಾಗ ತೊಡಿಸಿದರೇ? ಮೊದಲೆರಡು ಬಂದಾಗ ನನಗೇ ಗೊತ್ತಿರಲಿಲ್ಲ, ಬರೆಯುವ ಮನಸ್ಸೂ ಇರಲಿಲ್ಲ. ಮೂರನೆಯದು ಅತ್ತೆ ಹೋದ ಮೇಲೆ ಬಂತು. ಆಗ ಗೊತ್ತಿತ್ತು. ಏನೆಂದು ಬರೆಯಲಿ? ಲಕೋಟೆ ತಿರುಗಿಸಿ ನೋಡಿದೆ. ಒಲೆಗೆ ಹಾಕಿದೆ.

ವಾರ್ವಾರಾಳಿಗೆ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಈಗ ನಿನ್ನ ಸರದಿ.

ಅಗಾಪಿಟೋಸ್


ಕಾಸ್ಟೆಲೋರಿಜೋ
ಜುಲೈ 20, 1966

ಹ್ರಿಸಾಫಿನಾಳಿಗೆ,

ನಿನ್ನಿಂದ ಪತ್ರ ಬಂದಿಲ್ಲ. ರೋಡ್ಸ್‌ನ ದೋಣಿ ಬಂದಾಗಲೆಲ್ಲ ಹೋಗಿ ನಿಂತೆ. ಅಂಚೆಯವನು ನನ್ನನ್ನು ದೂರದಿಂದ ಕಂಡರೇ ತಲೆಯಾಡಿಸುತ್ತಾನೆ. ಬರೆಯದಿದ್ದರೆ ಬೇಡ. ನಾನು ಕಾಯುತ್ತ ಕೂರಲಿಲ್ಲ. ಏನು ಮಾಡಿದೆ ಎಂದು ಹೇಳುತ್ತೇನೆ.

ನಿನ್ನ ಮನೆಯ ಪಕ್ಕದ ಕಲ್ಲುರಾಶಿಯಲ್ಲಿ ಇಷ್ಟು ವರ್ಷ ನಾನು ಮೇಕೆ ಕಟ್ಟುತ್ತಿದ್ದೆ. ಒಂದು ಅಂಜೂರದ ಗಿಡವೂ ಇದೆ, ಯಾರೂ ನೀರೆರೆಯದೆ ಬೆಳೆದದ್ದು. ಮೇಕೆಗಳನ್ನು ಮೇಲೆ ಅಟ್ಟಿ, ನಾನೂ ಸಾವಾಸನೂ ಕಲ್ಲು ಎತ್ತಿದೆವು. ಲಾಜಾರೋಸ್ ಕೂಡ ಬಂದ, ಬಾಯಿ ಬಿಟ್ಟಿದ್ದಕ್ಕೆ ಪ್ರಾಯಶ್ಚಿತ್ತ ಎಂದು. ಕೆಳಗೆ ಎರಡು ಸೈಪ್ರೆಸ್ ಮರಗಳು ಸಿಕ್ಕವು. ಒಂದು ಇಡಿಯಾಗಿದೆ, ಇನ್ನೊಂದರ ತುದಿಯನ್ನು ಬಾಂಬು ಎತ್ತಿಕೊಂಡು ಹೋಗಿದೆ. ಯಾವುದು ಚೆಂದ ಎಂಬ ನಿಮ್ಮ ಜಗಳಕ್ಕೆ ಸಾಕ್ಷಿ ಹೇಳಬೇಕಾದರೆ, ನವಿಲೇ ಚೆಂದ. ಎವ್ದೋಕಿಯಾ ಇದ್ದಿದ್ದರೆ ಈ ಮಾತಿಗೆ ನನಗೆ ಊಟ ಹಾಕುತ್ತಿರಲಿಲ್ಲ.

ಅಲ್ಲಿಯ ತೊಟ್ಟಿಗೆ ದೀಪ ಇಳಿಸಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಸೀಳಿದೆ. ಅಂಜೂರದ ಬೇರು ಆ ಸೀಳಿನಲ್ಲೇ ಇಳಿದು ತಳದಲ್ಲಿ ಹರಡಿಕೊಂಡಿದೆ. ಗಾರೆ ಮೆತ್ತಿ ಮುಚ್ಚುವಂಥದ್ದಲ್ಲ. ಒಂದು ಕಲ್ಲು ಬಿಟ್ಟೆ. ಒಣ ಸದ್ದು ಬಂತು. ನಿನ್ನ ತೊಟ್ಟಿಗೂ ಬಂದು ಒಂದು ಬಿಟ್ಟೆ. ನೀರಿನ ಸದ್ದು.

ನೀನು ಹೇಳಿದ್ದು ಸರಿ. ಅದು ತನ್ನದಲ್ಲ ಎಂದು ಅತ್ತೆಗೆ ಗೊತ್ತಿತ್ತು. ನನ್ನ ಕಂಕುಳಲ್ಲಿ ಅವಳ ಮಗಳ ಮಗು ಇತ್ತು. ನಾನು ಕುರುಡಿಯ ಕೈ ಹಿಡಿದು ದಾರಿ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಈಗ ಮುಂದಿನದು. ಸೈಪ್ರೆಸ್ ಅಂಗಳದ ಹಿಂದೆ ಗೋಡೆ ಎಬ್ಬಿಸುತ್ತಿದ್ದೇವೆ. ಒಂದು ಕೋಣೆ, ಒಂದು ಒಲೆಮನೆ. ಮಾಳಿಗೆ ಮದುವೆಯ ಹೊತ್ತಿಗೆ ಮುಗಿಯುತ್ತದೆ. ಅದು ವಾರ್ವಾರಾಳ ತಾಯಿಯ ಜಾಗ, ಅವಳಿಗೆ ಬಳುವಳಿ ಅದೇ. ನಾನೂ ಅಲ್ಲೇ ಮೂಲೆಯಲ್ಲಿ ಬಿದ್ದುಕೊಳ್ಳುತ್ತೇನೆ. ನಿನ್ನ ಮನೆಯನ್ನು ಖಾಲಿ ಮಾಡಿ, ಬೀಗ ಹಾಕಿ, ಕೀಲಿಕೈಯನ್ನು ಪಾದ್ರಿಗೆ ಕೊಡುತ್ತೇನೆ. ಗೋಡೆ ಕಟ್ಟಿದವನು ನಾನು ಎಂಬ ಮಾತನ್ನು ನೀನೂ ಎತ್ತಬೇಡ, ನಾನೂ ಎತ್ತುವುದಿಲ್ಲ. ಅಂಗಳದ ಮೇಲೆ ಮತ್ತೆ ಸಿಮೆಂಟು ಹಾಕುವುದಿಲ್ಲ. ನವಿಲನ್ನು ಉಪ್ಪುನೀರಿನಲ್ಲಿ ತೊಳೆದಿದ್ದೇವೆ. ನಿನ್ನ ಮಗಳು ಬಂದರೆ ತುಳಿಯಲಿ, ಬಾರದಿದ್ದರೆ ಅದು ಸಮುದ್ರ ನೋಡಿಕೊಂಡು ಇರಲಿ.

ಫೋಟಿನಿ ಗೋಡೆ ನೋಡಲು ಬಂದಳು. ಈ ಸಲ ಅಂಗಳಕ್ಕೆ ಕಾಲಿಟ್ಟಳು. ಸೀಳು ತೊಟ್ಟಿಗೆ ಬಗ್ಗಿ ನೋಡಿ, "ಮರ ಇದೆ, ಮನೆ ಇದೆ. ನೀರೆಲ್ಲಿ ಅಣ್ಣಾ? ಸೊಸೆ ಕಣ್ಣೀರಲ್ಲಿ ಬೇಳೆ ಬೇಯಿಸ್ತಾಳಾ?" ಎಂದಳು.

"ಪಕ್ಕದ ತೊಟ್ಟಿಯಿಂದ ಸೇದ್ತಾಳೆ."

"ಅದರ ಹೆಣ್ಣು ಒಪ್ಪಿದಾಳಾ?"

"ಕೇಳಿ ಹೇಳ್ತೀನಿ."

"ಕೇಳಿ ಹೇಳು. ಒಪ್ಪಿದ್ರೆ ಮದ್ವೆ, ಇಲ್ದಿದ್ರೆ ಮುಂದಿನ ಮಳೆಗಾಲ ನೋಡೋಣ" ಎಂದು ಹೋದಳು. ಮುಂದಿನ ಮಳೆಗಾಲ ಎಂದರೆ ಏನೆಂದು ನಿನಗೂ ಗೊತ್ತು. ಸಾವಾಸನ ಅಣ್ಣ ಮೆಲ್ಬರ್ನ್‌ನಲ್ಲಿದ್ದಾನೆ. ತಮ್ಮನಿಗೆ ಟಿಕೆಟು ಕಳಿಸುತ್ತೇನೆ ಎಂದು ಕುಣಿಯುತ್ತಿದ್ದಾನೆ. ಹುಡುಗ ಒಮ್ಮೆ ಹಡಗು ಹತ್ತಿದರೆ ಇಲ್ಲಿ ಉಳಿಯುವುದು ಮೇಕೆ ಮತ್ತು ನಾನು.

ನಿನ್ನೆ ಪ್ರವಾದಿ ಎಲಿಯಾಸನ ಹಬ್ಬದ ಹಿಂದಿನ ದಿನ. ಊರೆಲ್ಲ ವಾಡಿಕೆಯಂತೆ ಉಟ್ಟ ಬಟ್ಟೆಯಲ್ಲೇ ಬಂದರಿನ ನೀರಿಗೆ ಹಾರಿತು. ಪಾದ್ರಿಯನ್ನೂ ತಳ್ಳಿದರು. ವಾರ್ವಾರಾ ಹಾರಿದಳು, ಸಾವಾಸನ ಕಾಲರ್ ಹಿಡಿದು ಎಳೆದುಕೊಂಡೇ ಹಾರಿದಳು. ನಾನು ದಡದ ಮೇಲೆ ನಿಂತು ದೋಣಿಗಳ ಕಡೆ ನೋಡುತ್ತಿದ್ದೆ. ಪ್ರತಿ ವರ್ಷ ಹಾಗೇ. ಅವಳು ತಲೆ ಮೇಲೆತ್ತಿ ಕೂಗಿದ ಮೇಲೆ ತಿರುಗುತ್ತೇನೆ.

ಕೂಗಿದಳು. "ಅಪ್ಪಾ, ನಿಮ್ಮ ಟೋಪಿ ಎಸೀರಿ, ಅದಾದ್ರೂ ಸ್ನಾನ ಮಾಡ್ಲಿ" ಎಂದಳು. ಎಸೆದೆ.

ನಿನ್ನ ತಾಯಿ ಅತ್ತೆಗೆ ಸೇದಿಕೋ ಎಂದಿದ್ದಳು, ನಿಜ. ಆ ಮಾತು ಆ ಇಬ್ಬರ ನಡುವಿನದು. ಇಬ್ಬರೂ ಈಗಿಲ್ಲ. ಆ ತೊಟ್ಟಿಯ ಹೆಣ್ಣು ಈಗ ನೀನು, ನಿನ್ನ ಬಾಯಿಂದಲೇ ಬರಬೇಕು. ಮನೆ ಕೇಳುತ್ತಿಲ್ಲ. ನಾನು ಹಿಂದೆ ಬರೆದ ಪತ್ರಕ್ಕೆ ಉತ್ತರವನ್ನೂ ಕೇಳುತ್ತಿಲ್ಲ. ಅದರ ಬಗ್ಗೆ ನೀನು ಬರೆಯಬೇಕಾಗಿಲ್ಲ, ಆ ಅಂಗಿ ಚೆನ್ನಾಗಿತ್ತು, ಅಷ್ಟೇ. ಎವ್ದೋಕಿಯಾಳ ಮಗಳು ನಿನ್ನ ತೊಟ್ಟಿಯಿಂದ ನೀರು ಸೇದಬಹುದೋ, ಬಾರದೋ? ಅಷ್ಟನ್ನು ತಂತಿಯಲ್ಲಿ ಕಳಿಸು, ಒಂದು ಪದ ಸಾಕು.

ಆಗಸ್ಟ್ ಇಪ್ಪತ್ತರೊಳಗೆ ಉತ್ತರ ಬರಬೇಕು.

ಅಗಾಪಿಟೋಸ್